ಇಕ್ತಿಯೊಸಾರ್ ಬೆನ್ನುಮೂಳೆ ಬಿಡಿಸುವ ಕೆಲಸ: ಇಲ್ಲಿಯವರೆಗಿನ ದಾಖಲೆ

ಕೆಲಸ ಮುಗಿದಿಲ್ಲ, ಅರ್ಧಕ್ಕೆ ನಿಂತಿದೆ. ಕೆಟ್ಟು ನಿಂತದ್ದಲ್ಲ, ನಾನೇ ನಿಲ್ಲಿಸಿದ್ದು. ಯಾಕೆ ಅನ್ನುವುದು ಎಂಟನೇ ಹಂತದಲ್ಲಿ ಬರುತ್ತದೆ. ಕಲ್ಲನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿರುವ ಈ ಬಿಡುವಿನಲ್ಲಿ ಮಾಡಿದ್ದು, ಕೆಟ್ಟದ್ದು, ಖರ್ಚಾದದ್ದು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಪಳೆಯುಳಿಕೆಗಳ ಬಗ್ಗೆ ಕನ್ನಡದಲ್ಲಿ ಓದಲು ಸಿಗುತ್ತದೆ. ಆದರೆ ಕಲ್ಲಿನಿಂದ ಮೂಳೆಯನ್ನು ಬಿಡಿಸುವ ಕೈಕೆಲಸದ ಬಗ್ಗೆ ನನ್ನ ಕಣ್ಣಿಗೆ ಏನೂ ಬಿದ್ದಿಲ್ಲ.

ಇಕ್ತಿಯೊಸಾರ್ ಸಮುದ್ರದಲ್ಲಿದ್ದ ಸರೀಸೃಪ. ನೋಡಲು ಡಾಲ್ಫಿನ್ ಹಾಗೆ, ಆದರೆ ಡಾಲ್ಫಿನ್ನೂ ಅಲ್ಲ, ಮೀನೂ ಅಲ್ಲ, ಡೈನೊಸಾರೂ ಅಲ್ಲ. ಸುಮಾರು 25 ಕೋಟಿ ವರ್ಷ ಹಿಂದೆ ಕಾಣಿಸಿಕೊಂಡು, ಸುಮಾರು 9 ಕೋಟಿ ವರ್ಷ ಹಿಂದೆ ಅಳಿದುಹೋಯಿತು. ಕೆಲಸಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

1. ಕಲ್ಲು (ಫೆಬ್ರವರಿ)

ಕಲ್ಲು ಸಿಕ್ಕ ಜಾಗ ಇಂಗ್ಲೆಂಡಿನ ದಕ್ಷಿಣ ಕರಾವಳಿ, ಡಾರ್ಸೆಟ್‌ನ ಚಾರ್ಮತ್ ಹಳ್ಳಿ. ಪಕ್ಕದ ಊರು ಲೈಮ್ ರೀಜಿಸ್. ಎರಡರ ನಡುವೆ ಬ್ಲ್ಯಾಕ್ ವೆನ್ ಅನ್ನುವ ಕಪ್ಪು ಮಣ್ಣಿನ ಗುಡ್ಡ ಇದೆ. ಚಳಿಗಾಲದ ಮಳೆಗೆ ಅದು ಕುಸಿದು ಕುಸಿದು ಸಮುದ್ರಕ್ಕೆ ಜಾರುತ್ತದೆ. ಅಲೆ ಬಂದು ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ, ಗಟ್ಟಿ ಸುಣ್ಣಕಲ್ಲು ತೀರದಲ್ಲಿ ಉಳಿಯುತ್ತದೆ. ಆ ಕಲ್ಲೆಲ್ಲ 19ರಿಂದ 20 ಕೋಟಿ ವರ್ಷ ಹಿಂದಿನ ಸಮುದ್ರದ ತಳದ ಕೆಸರು.

ಇಲ್ಲೇ 1811ರಲ್ಲಿ ಜೋಸೆಫ್ ಆನಿಂಗ್ ಅನ್ನುವ ಹುಡುಗನಿಗೆ ಒಂದು ದೊಡ್ಡ ತಲೆಬುರುಡೆ ಸಿಕ್ಕಿತು. ಮರುವರ್ಷ ಅವನ ತಂಗಿ ಮೇರಿ ಆನಿಂಗ್ ಉಳಿದ ಮೂಳೆಗಳನ್ನು ಹುಡುಕಿದಳು. ಆ ಬುರುಡೆ ಈಗಲೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. 1833ರಲ್ಲಿ ಇಲ್ಲಿ ಗುಡ್ಡ ಕುಸಿದಾಗ ಮೇರಿಯ ನಾಯಿ ಟ್ರೇ ಅವಳ ಕಣ್ಣೆದುರೇ ಮಣ್ಣಿನಡಿ ಸಿಕ್ಕಿ ಸತ್ತಿತು. ಗುಡ್ಡದ ಸ್ವಭಾವ ಇವತ್ತಿಗೂ ಹಾಗೇ ಇದೆ. ಗುಡ್ಡದ ಬುಡಕ್ಕೆ ಹೋಗಬಾರದು. ನೀರು ಇಳಿಯುವ ಹೊತ್ತಿಗೆ ಹೋಗಬೇಕು, ಏರಲು ಶುರುವಾಗುವ ಮೊದಲೇ ವಾಪಸ್ ಬಂದುಬಿಡಬೇಕು.

ತೀರದಲ್ಲಿ ಬಿಡಿಯಾಗಿ ಬಿದ್ದದ್ದನ್ನು ಎತ್ತಿಕೊಳ್ಳಬಹುದು, ಗುಡ್ಡವನ್ನು ಅಗೆಯುವಂತಿಲ್ಲ. ಮಹತ್ವದ್ದು ಸಿಕ್ಕರೆ ಚಾರ್ಮತ್‌ನ ಹೆರಿಟೇಜ್ ಕೋಸ್ಟ್ ಸೆಂಟರಿನಲ್ಲಿ ನೋಂದಾಯಿಸಬೇಕು. ಕಲ್ಲನ್ನು ಅಲ್ಲಿ ತೋರಿಸಿದೆ. ಸಾಲಾಗಿ ನಾಲ್ಕಾರು ಬೆನ್ನುಮೂಳೆ ಇರುವ ಹಾಗಿದೆ, ಬಿಡಿಸಿ ನೋಡಿ, ಬೇರೇನಾದರೂ ಕಂಡರೆ ತಿಳಿಸಿ ಅಂದರು. ಆ ಕೊನೆಯ ಮಾತನ್ನು ಆಗ ನಾನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

ಅಳತೆ: 36 ಸೆಂ.ಮೀ. ಉದ್ದ, 22 ಅಗಲ, ದಪ್ಪ ಇರುವ ಕಡೆ 9. ತೂಕ 13 ಕಿಲೊ. ಒಂದು ಅಂಚಿನಲ್ಲಿ ಮೂರು ಕಂದು ಬಿಲ್ಲೆಗಳ ತುದಿ ಕಾಣುತ್ತಿತ್ತು. ಒಂದೊಂದೂ ಕೇರಂ ಸ್ಟ್ರೈಕರಿನಷ್ಟು ಅಗಲ. ಎರಡೂ ಮುಖ ಒಳಕ್ಕೆ ತಗ್ಗು. ಇಕ್ತಿಯೊಸಾರಿನ ಬೆನ್ನುಮೂಳೆಯ ಗುರುತೇ ಅದು. ಮೇಲ್ಮೈಯಲ್ಲಿ ಎರಡು ಪಕ್ಕೆಲುಬುಗಳನ್ನು ಅಡ್ಡ ಕತ್ತರಿಸಿದಂಥ ಗುರುತು ಕೂಡ ಇತ್ತು.

2. ಉಪ್ಪು ಬಿಡಿಸುವುದು (ಮಾರ್ಚ್, ಏಪ್ರಿಲ್)

ಸಮುದ್ರದಲ್ಲಿ ಬಿದ್ದಿದ್ದ ಕಲ್ಲು ಉಪ್ಪು ಕುಡಿದಿರುತ್ತದೆ. ಹಾಗೇ ಒಣಗಿಸಿದರೆ ಒಳಗೆ ಉಪ್ಪಿನ ಹರಳು ಬೆಳೆದು ಮೂಳೆಯನ್ನು ಸೀಳುತ್ತದೆ. ಮೊದಲು ಸಿಹಿನೀರಿನಲ್ಲಿ ನೆನೆಸಬೇಕು. ದೊಡ್ಡ ಪ್ಲಾಸ್ಟಿಕ್ ಟಬ್, ಕೆಳಗೆ ಎರಡು ಮರದ ತುಂಡು, ಮೇಲೆ ಕಲ್ಲು, ಪೂರ್ತಿ ಮುಳುಗುವಷ್ಟು ನೀರು. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಾವಣೆ.

ಉಪ್ಪು ಹೋಗಿದೆಯೋ ಇಲ್ಲವೋ ನೋಡಲು 9 ಪೌಂಡ್ ಕೊಟ್ಟು ಟಿಡಿಎಸ್ ಮೀಟರ್ ತಂದೆ. ನಮ್ಮ ಕಡೆ ಕುಡಿಯುವ ನೀರು ಪರೀಕ್ಷಿಸಲು ಬಳಸುತ್ತಾರಲ್ಲ, ಅದೇ. ಮೊದಲ ವಾರ ಅಂಕಿ ಚೆನ್ನಾಗಿ ಇಳಿಯಿತು. ಆಮೇಲೆ 320ರ ಹತ್ತಿರ ನಿಂತುಬಿಟ್ಟಿತು. ಎಷ್ಟು ನೀರು ಬದಲಾಯಿಸಿದರೂ ಅದೇ 320. ಕಲ್ಲಿನೊಳಗೆ ಇನ್ನೂ ಉಪ್ಪಿದೆ ಅಂದುಕೊಂಡು ನೆನೆಸುತ್ತಲೇ ಹೋದೆ. ಕೊನೆಗೆ ಸುಮ್ನೆ ನಲ್ಲಿ ನೀರಿಗೇ ಮೀಟರ್ ಅದ್ದಿ ನೋಡಿದರೆ ಅಲ್ಲೇ 310! ದಕ್ಷಿಣ ಇಂಗ್ಲೆಂಡಿನ ನೀರು ಗಡಸು, ಸುಣ್ಣ ಜಾಸ್ತಿ. ಮೀಟರಿಗೆ ಉಪ್ಪೂ ಒಂದೇ, ಸುಣ್ಣವೂ ಒಂದೇ. ನಲ್ಲಿ ನೀರಿನ ಅಂಕಿಯನ್ನು ಮೊದಲ ದಿನವೇ ಬರೆದಿಟ್ಟುಕೊಂಡಿದ್ದರೆ ಕೆಲವು ವಾರ ಉಳಿಯುತ್ತಿತ್ತು. ಕೊನೆಯ ಎರಡು ಸಲ ಮಳೆನೀರು ಹಿಡಿದು ಹಾಕಿದೆ.

ಸುಮ್ಮನೆ ನೆನೆಸುತ್ತಾ ಹೋದರೆ ಏನು ನಷ್ಟ ಅನ್ನಬಹುದು. ಈ ಕಲ್ಲಿನಲ್ಲಿ ಪೈರೈಟ್ ಇದೆ. ಕಬ್ಬಿಣ ಮತ್ತು ಗಂಧಕ ಸೇರಿದ ಹೊಳೆಯುವ ಖನಿಜ. ನೀರು ಮತ್ತು ಗಾಳಿ ಎರಡೂ ಸಿಕ್ಕರೆ ಅದು ಕೊಳೆಯಲು ಶುರುವಾಗುತ್ತದೆ, ಆಮ್ಲ ಬಿಡುತ್ತದೆ, ಬಿಳಿ ಹಳದಿ ಪುಡಿಯಾಗಿ ಉಬ್ಬಿ ಮೂಳೆಯನ್ನು ಒಡೆಯುತ್ತದೆ. ಅಂದರೆ ಉಪ್ಪು ಹೋಗುವಷ್ಟು ನೆನೆಯಬೇಕು, ಅದಕ್ಕಿಂತ ಹೆಚ್ಚಲ್ಲ.

ಒಣಗಿಸುವಾಗಲೂ ಅವಸರ ಆಗದು. ಹಳೇ ಪೇಪರಿನಲ್ಲಿ ಸುತ್ತಿ ಗ್ಯಾರೇಜಿನ ನೆರಳಿನಲ್ಲಿಟ್ಟೆ, ಪೇಪರ್ ಒದ್ದೆಯಾದಾಗ ಬದಲಾಯಿಸಿದೆ. ಕಲ್ಲಿನ ಒಂದು ಚೂರನ್ನು ಪರೀಕ್ಷೆಗಾಗಿ ಮನೆ ಬಿಸಿ ಮಾಡುವ ರೇಡಿಯೇಟರಿನ ಮೇಲೆ ಇಟ್ಟಿದ್ದೆ. ಅದು ಪದರ ಪದರವಾಗಿ ಬಿರಿಯಿತು. ದೊಡ್ಡ ಕಲ್ಲು ಮೇ ತಿಂಗಳಲ್ಲಿ ತೂಕ ಇಳಿಯುವುದನ್ನು ನಿಲ್ಲಿಸಿತು. ಬಾತ್‌ರೂಮ್ ತಕ್ಕಡಿ ಸಾಕು ಈ ಲೆಕ್ಕಕ್ಕೆ.

3. ಸಾಮಾನು ಮತ್ತು ಖರ್ಚು

ಗಾಳಿಯ ಒತ್ತಡಕ್ಕೆ ಕಲ್ಲು ಕುಟ್ಟುವ ಏರ್ ಪೆನ್, ಸೆಕೆಂಡ್ ಹ್ಯಾಂಡ್, 230 ಪೌಂಡ್. 50 ಲೀಟರ್ ಕಂಪ್ರೆಸರ್ 150. ಗಾಳಿಯ ನೀರು ಹಿಡಿಯುವ ಫಿಲ್ಟರ್ 18. ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟು ಕಾಲು ಕಿಲೊ 16. ಅದನ್ನು ಕರಗಿಸಲು ಅಸಿಟೋನ್ 5 ಲೀಟರ್ 20. ಧೂಳಿನ ಮಾಸ್ಕ್ 25. ಹಳೇ ಸ್ಟೀರಿಯೊ ಮೈಕ್ರೊಸ್ಕೋಪ್ 140. ಪುಡಿ ಊದುವ ಪುಟ್ಟ ಗನ್ 45. ಅದಕ್ಕೊಂದು ಪೆಟ್ಟಿಗೆಗೆ 20, ಅದನ್ನು ಮಾಡಿದ ಬಗೆ ಮುಂದೆ ಇದೆ. ತೇವ ಹೀರುವ ಸಿಲಿಕಾ ಜೆಲ್ 10. ಹವೆಯ ತೇವ ಅಳೆಯುವ ಮೀಟರ್ 6. ಆಗಲೇ ಹೇಳಿದ ಟಿಡಿಎಸ್ ಮೀಟರ್ 9. ಒಟ್ಟು 689 ಪೌಂಡ್. ರೂಪಾಯಿಯಲ್ಲಿ 70 ಸಾವಿರ ದಾಟುತ್ತದೆ.

ಮನೆಯಲ್ಲಿ ಟೈರಿಗೆ ಗಾಳಿ ತುಂಬುವ 24 ಲೀಟರ್ ಕಂಪ್ರೆಸರ್ ಮೊದಲೇ ಇತ್ತು. ಏರ್ ಪೆನ್ನಿಗೆ ಅದು ಸಾಕಾಯಿತು, ಪೆನ್ ಜಾಸ್ತಿ ಗಾಳಿ ಕುಡಿಯುವುದಿಲ್ಲ. ಪುಡಿ ಊದುವ ಗನ್ನಿಗೆ ಮಾತ್ರ ಅದು ಯಾವ ಮೂಲೆಗೂ ಸಾಲಲಿಲ್ಲ. ಮೋಟಾರ್ ನಿಲ್ಲದೆ ಓಡಿ ಸುಡುವಷ್ಟು ಬಿಸಿಯಾಯಿತು, ಬಿಸಿಗಾಳಿಯಲ್ಲಿ ನೀರಿನ ಹನಿ ಬಂತು. ಹಾಗಾಗಿ ದೊಡ್ಡದು ತಂದದ್ದು. ಎರಡನ್ನೂ ಮಾಡುವ ಆಲೋಚನೆ ಇದ್ದರೆ ಮೊದಲೇ 50 ಲೀಟರಿನದು ತಗೊಳ್ಳಿ.

ಖರ್ಚು ಕೇಳಿ ಅಮ್ಮ ಫೋನಿನಲ್ಲಿ, "ಕಲ್ಲು ಕೆತ್ತೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ? ನಮ್ಮ ಮಧುಗಿರಿ ಬೆಟ್ಟ ಸಾಲ್ದಾಗಿತ್ತಾ?" ಅಂದರು. ಮಧುಗಿರಿ ಬೆಟ್ಟದಲ್ಲಿ ಎಷ್ಟು ಕೆತ್ತಿದರೂ ಮೂಳೆ ಸಿಗುವುದಿಲ್ಲ. ಅದು ಭೂಮಿಯೊಳಗೆ ಕರಗಿ ಗಟ್ಟಿಯಾದ ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯದು. ಆಗಿನ್ನೂ ಮೂಳೆ ಇರುವ ಪ್ರಾಣಿ ಅನ್ನುವುದೇ ಹುಟ್ಟಿರಲಿಲ್ಲ. ನಮ್ಮ ದೇಶದಲ್ಲಿ ಇಕ್ತಿಯೊಸಾರ್ ನೋಡಬೇಕಾದರೆ ಗುಜರಾತಿನ ಕಚ್‌ಗೆ ಹೋಗಬೇಕು. ಅಲ್ಲಿ ಲೋಡಾಯ್ ಹಳ್ಳಿಯ ಹತ್ತಿರ ಸಿಕ್ಕ, ಸುಮಾರು ಐದೂವರೆ ಮೀಟರ್ ಉದ್ದದ ಪ್ರಾಣಿಯ ಅಸ್ಥಿಪಂಜರದ ವಿವರ 2017ರಲ್ಲಿ ಪ್ರಕಟವಾಯಿತು. ತಮಿಳುನಾಡಿನ ತಿರುಚ್ಚಿ ಕಡೆಯ ಬಂಡೆಗಳಲ್ಲೂ ಬೆನ್ನುಮೂಳೆಗಳು ಸಿಕ್ಕಿವೆ.

4. ಅಂಟು ಮೊದಲು, ಪೆನ್ ಆಮೇಲೆ

ಈ ಕೆಲಸದಲ್ಲಿ ಕಲ್ಲು ತೆಗೆಯುವುದಕ್ಕಿಂತ ಮೂಳೆಯನ್ನು ಹಿಡಿದಿಡುವುದು ದೊಡ್ಡದು. 19 ಕೋಟಿ ವರ್ಷ ಕಲ್ಲಿನೊಳಗೆ ಒತ್ತಿ ಕೂತ ಮೂಳೆಯಲ್ಲಿ ನೂರೆಂಟು ಸೀಳು. ಸುತ್ತಲಿನ ಕಲ್ಲು ಅದನ್ನು ಹಿಡಿದಿರುತ್ತದೆ. ಕಲ್ಲು ಹೋದ ಕ್ಷಣ ಮೂಳೆ ಚೂರು ಚೂರು. ಆದ್ದರಿಂದ ಬೆರಳಗಲ ಮೂಳೆ ಕಂಡರೂ ಮೊದಲು ಅಂಟು ಕುಡಿಸಬೇಕು.

ಮ್ಯೂಸಿಯಂಗಳಲ್ಲಿ ಬಳಸುವುದು ಪ್ಯಾರಲಾಯ್ಡ್ ಬಿ-72. ಸಕ್ಕರೆ ಹರಳಿನ ಹಾಗಿರುವ ಪ್ಲಾಸ್ಟಿಕ್. ಅಸಿಟೋನಿನಲ್ಲಿ ಕರಗುತ್ತದೆ. ಮುಂದೆ ಬೇಡವಾದರೆ ಅಸಿಟೋನ್ ಹಾಕಿ ಮತ್ತೆ ತೆಗೆಯಬಹುದು. ಅದೇ ಅದರ ಹೆಚ್ಚುಗಾರಿಕೆ. ಎರಡು ಬಾಟಲಿ ಮಾಡಿಟ್ಟುಕೊಂಡೆ. 100 ಮಿ.ಲೀ. ಅಸಿಟೋನಿಗೆ 5 ಗ್ರಾಂ ಹಾಕಿದರೆ ನೀರಿನಷ್ಟು ತೆಳು, ಸೀಳಿನೊಳಗೆ ಇಳಿಯುತ್ತದೆ. 50 ಗ್ರಾಂ ಹಾಕಿದರೆ ಜೇನಿನಷ್ಟು ಗಟ್ಟಿ, ಮುರಿದ ತುಂಡು ಜೋಡಿಸಲು.

ಹರಳುಗಳನ್ನು ನೇರವಾಗಿ ಬಾಟಲಿಗೆ ಸುರಿದರೆ ತಳದಲ್ಲಿ ಅಂಟಿನ ಮುದ್ದೆ ಕಟ್ಟಿಕೊಳ್ಳುತ್ತದೆ, ವಾರವಾದರೂ ಕರಗುವುದಿಲ್ಲ. ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಅಸಿಟೋನಿನ ಮೇಲ್ಭಾಗದಲ್ಲಿ ಇಳಿಬಿಡಿ. ರಾತ್ರಿ ಕಳೆಯುವಷ್ಟರಲ್ಲಿ ಪೂರ್ತಿ ಕರಗಿರುತ್ತದೆ. ಗಾಜಿನ ಬಾಟಲಿಯೇ ಬೇಕು. ಅಸಿಟೋನ್ ಕೆಲವು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಬೆಂಕಿ ಹತ್ತಿರ ಇರಕೂಡದು, ಬಾಗಿಲು ತೆರೆದಿರಬೇಕು.

ಮೊದಲ ಸಲ ಹಚ್ಚಿದ್ದು ಮಳೆ ಹಿಡಿದ ದಿನ. ಅರ್ಧ ಗಂಟೆಯಲ್ಲಿ ಮೂಳೆಯ ಮೇಲೆಲ್ಲ ಬೂಸ್ಟು ಹಿಡಿದಂತೆ ಬಿಳಿ ಪೊರೆ. ಅಸಿಟೋನ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಹವೆಯ ತೇವ ಅಲ್ಲಿ ಕೂರುತ್ತದೆ, ಅಂಟು ಬೆಳ್ಳಗಾಗುತ್ತದೆ. ಬಿಸಿಲು ಬಂದ ದಿನ ಬರೀ ಅಸಿಟೋನ್ ಅದ್ದಿದ ಬ್ರಶ್ಶಿನಿಂದ ಒರೆಸಿದೆ, ಹೋಯಿತು. ಅಂದಿನಿಂದ ಹವೆಯ ತೇವ ಶೇ. 60 ದಾಟಿದ ದಿನ ಬಾಟಲಿ ಮುಚ್ಚಳ ತೆಗೆಯುವುದಿಲ್ಲ.

ಸೂಪರ್ ಗ್ಲೂ ಬಗ್ಗೆ ಒಂದು ಮಾತು. ಒಂದು ಪಕ್ಕೆಲುಬಿನ ಸೀಳಿಗೆ ಬೇಗ ಆಗಲಿ ಅಂತ ಎರಡು ಹನಿ ಬಿಟ್ಟೆ. ಹಿಡಿಯಿತು, ಗಟ್ಟಿಯಾಗೇ ಹಿಡಿಯಿತು. ಆದರೆ ಪಕ್ಕದ ಕಲ್ಲಿಗೂ ಹರಿದು ಕಲ್ಲು ಮೂಳೆ ಒಂದಾಯಿತು, ಮೇಲೆ ಗಾಜಿನಂಥ ಹೊಳಪು ಉಳಿಯಿತು. ಹತ್ತಿಯಲ್ಲಿ ಅಸಿಟೋನ್ ಅದ್ದಿ ಗಂಟೆಗಟ್ಟಲೆ ಇಟ್ಟರೂ ಅರ್ಧ ಮಾತ್ರ ಬಿಟ್ಟಿತು. ಆ ಎರಡು ಸೆಂ.ಮೀ. ಜಾಗ ಈಗಲೂ ಮಿರಮಿರ ಮಿಂಚುತ್ತಿದೆ.

5. ವಿನೆಗರ್ ಪರೀಕ್ಷೆ: ಫೇಲ್

ಸುಣ್ಣಕಲ್ಲು ಆಮ್ಲದಲ್ಲಿ ಕರಗುತ್ತದೆ, ಮೂಳೆ ಅಷ್ಟಾಗಿ ಕರಗುವುದಿಲ್ಲ. ಈ ಕರಾವಳಿಯ ಕೆಲವು ಒಳ್ಳೆಯ ಪಳೆಯುಳಿಕೆಗಳನ್ನು ತಜ್ಞರು ತೆಳು ಅಸಿಟಿಕ್ ಆಮ್ಲದಲ್ಲೇ ಬಿಡಿಸಿದ್ದಾರೆ. ಪೆನ್ನಿನ ಗದ್ದಲ ಇಲ್ಲ, ಧೂಳಿಲ್ಲ. ಆಸೆ ಆಯಿತು. ಕಲ್ಲಿನ ಮೂಲೆಯಿಂದ ಬಿದ್ದ, ಪಕ್ಕೆಲುಬಿನ ತುದಿ ಇರುವ ಒಂದು ಚೂರು ಕೈಲಿತ್ತು. ಮೂಳೆಗೆ ಅಂಟು ಕುಡಿಸಿ, ಶೇ. 5ರ ಬಿಳಿ ವಿನೆಗರಿನಲ್ಲಿ ಇಟ್ಟೆ.

ಮೊದಲು ಗುಳ್ಳೆ ಬಂತು. ಆಮೇಲೆ ನಿಂತಿತು. ಈ ಕಲ್ಲಿನಲ್ಲಿ ಜೇಡಿ ಜಾಸ್ತಿ. ಸುಣ್ಣ ಕರಗಿದ ಜಾಗದಲ್ಲಿ ಜೇಡಿಯ ಪೊರೆ ಉಳಿದು ಆಮ್ಲ ಒಳಗೆ ಹೋಗದ ಹಾಗೆ ತಡೆಯಿತು. ತೊಳೆದು ಮತ್ತೆ ಇಟ್ಟೆ. ಆಗ ನಿಜವಾದ ತೊಂದರೆ ಕಂಡಿತು. ಮೂಳೆಯ ಸೀಳುಗಳಲ್ಲಿ ಬಿಳಿ ಗೆರೆಯ ಹಾಗೆ ಕ್ಯಾಲ್ಸೈಟ್, ಅಂದರೆ ಸುಣ್ಣದ ಖನಿಜ, ತುಂಬಿಕೊಂಡಿತ್ತು. ಅಷ್ಟು ವರ್ಷ ಮೂಳೆಯನ್ನು ಒಟ್ಟಿಗೆ ಹಿಡಿದಿದ್ದದ್ದೇ ಅದು. ವಿನೆಗರ್ ಮೊದಲು ತಿಂದದ್ದು ಅದನ್ನೇ. ತೊಳೆಯುವ ನೀರಿನಲ್ಲಿ ಪಕ್ಕೆಲುಬಿನ ತುದಿ ಏಳೆಂಟು ತುಂಡಾಗಿ ಬಿತ್ತು. ದೊಡ್ಡ ಕಲ್ಲಿಗೆ ಆಮ್ಲ ಬೇಡ ಅಂತ ಅಲ್ಲೇ ತೀರ್ಮಾನವಾಯಿತು. ಖರ್ಚು ಒಂದೂವರೆ ಪೌಂಡ್. ಈ ಪಟ್ಟಿಯಲ್ಲಿ ಅತಿ ಅಗ್ಗದ ಪಾಠ.

6. ಏರ್ ಪೆನ್ (ಜೂನ್, ಜುಲೈ)

ದಪ್ಪ ಪೆನ್ನಿನಷ್ಟಿರುವ ಉಪಕರಣ. ತುದಿಯಲ್ಲಿ ಕಾರ್ಬೈಡ್ ಸೂಜಿ. ಗಾಳಿಯ ಒತ್ತಡಕ್ಕೆ ಸೂಜಿ ನಿಮಿಷಕ್ಕೆ ಸಾವಿರಾರು ಸಲ ಕುಟ್ಟುತ್ತದೆ. ದಪ್ಪ ಕಲ್ಲು ತೆಗೆಯುವಾಗ ಗಾಳಿಯ ಒತ್ತಡ 90 ಪಿಎಸ್ಐ, ಮೂಳೆಯ ಹತ್ತಿರ ಬಂದಾಗ 50ರಿಂದ 60. ಕಿವಿಗೆ ಮಫ್, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಮೂರೂ ಬೇಕೇ ಬೇಕು. ಕಲ್ಲನ್ನು ಮರಳು ತುಂಬಿದ ಚೀಲದ ಮೇಲೆ ಇಟ್ಟರೆ ಅಲುಗಾಡುವುದಿಲ್ಲ. ಹೆಚ್ಚು ಹೊತ್ತು ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ, ಆಗಾಗ ಕೈ ಬಿಡಬೇಕು. ನೆರೆಮನೆಯವರು ಸಜ್ಜನರು, ಆದರೂ ಭಾನುವಾರ ಬೆಳಿಗ್ಗೆ ಕಂಪ್ರೆಸರ್ ಹಾಕಕೂಡದು ಅಂತ ಒಪ್ಪಂದ.

ಸೂಜಿಯನ್ನು ಮೂಳೆಯ ಕಡೆಗೆ ಗುರಿಯಿಡಬಾರದು. ಮೂಳೆಯ ಮೈಗೆ ಸಮಾನಾಂತರವಾಗಿ, ಓರೆಯಾಗಿ ಹಿಡಿಯಬೇಕು. ಒತ್ತಬಾರದು. ಕೊನೆಯ ಒಂದೆರಡು ಮಿ.ಮೀ. ಕಲ್ಲನ್ನು ಕುಟ್ಟುವುದಲ್ಲ, ಅಂಚಿನಿಂದ ಎಬ್ಬಿಸುವುದು. ಕೆಲವು ಕಡೆ ಕಲ್ಲು ಮೂಳೆಯಿಂದ ಸಿಪ್ಪೆ ಬಿಟ್ಟ ಹಾಗೆ ಪಟ್ ಅಂತ ಏಳುತ್ತದೆ, ಕೆಳಗೆ ಕಂದುಕಪ್ಪು ಮೂಳೆ ಹೊಳೆಯುತ್ತದೆ. ಅಂಥ ಸಂಜೆ ಊಟಕ್ಕೆ ಕರೆದರೂ ಏಳಲು ಮನಸ್ಸಾಗುವುದಿಲ್ಲ.

ಎಲ್ಲ ಕಡೆ ಹಾಗಲ್ಲ. ಎರಡು ಪಕ್ಕೆಲುಬುಗಳ ಮೇಲೆ ಕಂಚಿನ ಬಣ್ಣದ ಪೈರೈಟ್ ಪೊರೆ ಇತ್ತು. ಪೈರೈಟ್ ಮೂಳೆಗಿಂತ ಗಟ್ಟಿ. ಸೂಜಿ ಅದರ ಮೇಲೆ ಜಾರಿ ಪಕ್ಕದ ಮೂಳೆಗೆ ತಗಲುತ್ತದೆ. ಒಂದು ಕಡೆ ಹಾಗೇ ಜಾರಿ 3 ಮಿ.ಮೀ. ಬಿಳಿ ಗೀರು ಬಿತ್ತು. ಪೈರೈಟನ್ನು ಹಾಗೇ ಬಿಟ್ಟಿದ್ದೇನೆ. ಪೂರ್ತಿ ಬಿಡಿಸಿದ ಚಂದಕ್ಕಿಂತ ಗೀರಿಲ್ಲದ ಮೂಳೆ ಮೇಲು, ಇದು ನನ್ನ ಅಭಿಪ್ರಾಯ. ಮಾರುವವರು ಬೇರೆ ಥರ ಹೇಳುತ್ತಾರೆ.

ಮಧ್ಯದ ಪಕ್ಕೆಲುಬಿನ ಒಂದು ತುಂಡು ಕಂಪನಕ್ಕೆ ಸಡಿಲವಾಗಿ ಹಾರಿ ಮೇಜಿನ ಕೆಳಗೆ ಬಿತ್ತು. ಒಂದೂವರೆ ಸೆಂ.ಮೀ. ಉದ್ದ. ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡ ಬೆಳಕು ಬಿಟ್ಟರೆ ನೆರಳಿನಿಂದ ಬೇಗ ಸಿಗುತ್ತದೆ. ಗಟ್ಟಿ ಬಿ-72 ಹಚ್ಚಿ ಕೂರಿಸಿದೆ. ಜೋಡಿಸಿದ ಮೇಲೆ ಕಲ್ಲನ್ನು ಓರೆ ಮಾಡಿ, ಸೀಳು ಅಡ್ಡಡ್ಡ ಬರುವ ಹಾಗೆ ಮರಳಿನಲ್ಲಿ ಹೂತಿಟ್ಟರೆ ತುಂಡಿನ ತೂಕವೇ ಒತ್ತಿ ಹಿಡಿಯುತ್ತದೆ. ಕ್ಲಾಂಪ್ ಬೇಡ. ಆ ತುಂಡಿಗೆ ತೆಳು ಅಂಟು ಕುಡಿಸಿರಲಿಲ್ಲ, ಅದಕ್ಕೇ ಹಾರಿದ್ದು. ಕುಡಿಸಿದ್ದರಲ್ಲಿ ಒಂದೂ ಹಾರಲಿಲ್ಲ.

7. ತಲೆ ಯಾವ ಕಡೆ?

ಜುಲೈ ಕೊನೆಗೆ ಒಂಬತ್ತು ಬೆನ್ನುಮೂಳೆಗಳು ಸಾಲಾಗಿ ಕಂಡವು. ಅಡ್ಡಳತೆ 38ರಿಂದ 41 ಮಿ.ಮೀ., ದಪ್ಪ 16ರಿಂದ 18. ಸಾಲು ನೇರ ಇದೆ, ಆರನೆಯದು ಮಾತ್ರ ಸ್ವಲ್ಪ ಹೊರಳಿದೆ. ಪ್ರಾಣಿಯ ತಲೆ ಯಾವ ಕಡೆ ಇತ್ತು ಅನ್ನುವುದನ್ನು ಮೂಳೆಗಳೇ ಹೇಳುತ್ತವೆ. ಇದನ್ನು ತಿಳಿದುಕೊಂಡರೆ ಮುಂದೆ ಎಲ್ಲಿ ಪಕ್ಕೆಲುಬು ಸಿಗಬಹುದು ಅಂತ ಊಹಿಸಿ ಪೆನ್ ಇಡಬಹುದು.

ಪ್ರತಿ ಬಿಲ್ಲೆಯ ಮೇಲ್ಭಾಗದಲ್ಲಿ ಒಂದು ನಯವಾದ ಕಾಲುವೆ ಇರುತ್ತದೆ. ಬೆನ್ನುಹುರಿ ಹಾದುಹೋದ ದಾರಿಯ ನೆಲ ಅದು. ಅದರ ಎರಡೂ ಬದಿ ಒರಟು ಗುರುತು. ಅಲ್ಲಿ ಕಮಾನಿನಂಥ ಮೂಳೆ ಕೂರುತ್ತಿತ್ತು. ಇಕ್ತಿಯೊಸಾರಿನಲ್ಲಿ ಕಮಾನು ಬಿಲ್ಲೆಗೆ ಬೆಸೆದಿರುವುದಿಲ್ಲ. ಪ್ರಾಣಿ ಸತ್ತು ಕೊಳೆತಾಗ ಅವು ಬಿಟ್ಟುಕೊಂಡು ಬೀಳುತ್ತವೆ. ನನ್ನ ಕಲ್ಲಿನಲ್ಲಿ ಒಂಬತ್ತು ಬಿಲ್ಲೆಗೆ ನಾಲ್ಕೇ ಕಮಾನು ಸಿಕ್ಕವು, ಅದೂ ಚೆಲ್ಲಾಪಿಲ್ಲಿ.

ಬಿಲ್ಲೆಯ ಪಕ್ಕದಲ್ಲಿ ಪಕ್ಕೆಲುಬು ಕೂರುವ ಗುಬುಟುಗಳಿವೆ. ಎದೆಯ ಕಡೆ ಒಂದೊಂದು ಬದಿಗೆ ಎರಡು, ಯಾಕೆಂದರೆ ಅಲ್ಲಿನ ಪಕ್ಕೆಲುಬಿಗೆ ಎರಡು ತಲೆ. ಕತ್ತಿನ ಹತ್ತಿರದ ಬಿಲ್ಲೆಗಳಲ್ಲಿ ಮೇಲಿನ ಗುಬುಟು ಕಮಾನಿನ ಗುರುತಿಗೆ ಅಂಟಿಕೊಂಡೇ ಇರುತ್ತದೆ. ಹಿಂದಕ್ಕೆ ಹೋದ ಹಾಗೆ ಎರಡೂ ಗುಬುಟು ಕೆಳಕ್ಕೆ ಜಾರುತ್ತವೆ. ಬಾಲಕ್ಕೆ ಬಂದಾಗ ಎರಡೂ ಸೇರಿ ಒಂದಾಗುತ್ತವೆ.

ನನ್ನ ಸಾಲಿನ ಎಡತುದಿಯ ಬಿಲ್ಲೆಯಲ್ಲಿ ಮೇಲಿನ ಗುಬುಟು ಕಮಾನಿನ ಗುರುತಿನಿಂದ ಆಗಷ್ಟೇ ಬಿಟ್ಟುಕೊಂಡಿದೆ. ಬಲತುದಿಯಲ್ಲಿ ಸುಮಾರು 6 ಮಿ.ಮೀ. ಕೆಳಗೆ ಇಳಿದಿದೆ. ಎಲ್ಲದರಲ್ಲೂ ಎರಡು ಗುಬುಟು ಇವೆ. ಅಂದರೆ ಇದು ಹೊಟ್ಟೆಯ ಭಾಗದ ಬೆನ್ನು, ತಲೆ ಎಡಕ್ಕೆ. ಯಾವ ಜಾತಿ ಅಂತ ಬೆನ್ನುಮೂಳೆಯಿಂದ ಮಾತ್ರ ಹೇಳಲು ಬರುವುದಿಲ್ಲ. ಅದಕ್ಕೆ ತಲೆಬುರುಡೆ ಬೇಕು, ಈಜುರೆಕ್ಕೆ ಬೇಕು. ಮನೆಗೆ ಬಂದವರೆಲ್ಲ ಕೇಳುವುದು ಮಾತ್ರ ಜಾತಿಯ ಹೆಸರನ್ನೇ!

8. ಅಡುಗೆ ಸೋಡಾ, ಮತ್ತು ಕಪ್ಪು ಮಚ್ಚೆ (ಆಗಸ್ಟ್)

ಪೆನ್ನಿನ ಕೆಲಸದ ನಂತರ ಮೂಳೆಯ ಮೇಲೆ ಉಳಿಯುವ ಬೂದು ಪೊರೆಯನ್ನು ಪುಡಿ ಊದಿ ತೆಗೆಯುತ್ತಾರೆ. ಮೂಳೆಗಿಂತ ಮೆತ್ತಗಿನ ಪುಡಿ ಬೇಕು. ಸೋಡಿಯಂ ಬೈಕಾರ್ಬೊನೇಟ್, ಅಂದರೆ ನಮ್ಮ ಅಡುಗೆ ಸೋಡಾ. ಊದುವ ಕೆಲಸಕ್ಕೆ ಪೆಟ್ಟಿಗೆ ಮಾಡಿಕೊಂಡೆ: ಪ್ಲಾಸ್ಟಿಕ್ ಪೆಟ್ಟಿಗೆಗೆ ಎರಡು ತೂತು, ತೂತಿಗೆ ಉದ್ದ ರಬ್ಬರ್ ಗ್ಲೌಸ್, ಮೇಲೆ ಗಾಜು, ಹಿಂದೆ ವ್ಯಾಕ್ಯೂಮ್ ಕ್ಲೀನರಿನ ಪೈಪು. ಒಂದೇ ಮಧ್ಯಾಹ್ನದಲ್ಲಿ ತಯಾರಾಯಿತು.

ಸೋಡಾ ತೇವ ಹೀರಿ ಗಂಟಾಗುತ್ತದೆ, ಗನ್ನಿನ ಬಾಯಿ ಕಟ್ಟುತ್ತದೆ. ಒಣಗಿಸೋಣ ಅಂತ ಓವನ್ನಿನಲ್ಲಿ 120 ಡಿಗ್ರಿಗೆ ಇಟ್ಟೆ. ಅಷ್ಟು ಬಿಸಿಗೆ ಅಡುಗೆ ಸೋಡಾ ಅಡುಗೆ ಸೋಡಾ ಆಗಿ ಉಳಿಯುವುದಿಲ್ಲ, ವಾಷಿಂಗ್ ಸೋಡಾ ಆಗುತ್ತದೆ. ಚರ್ಮಕ್ಕೆ ಉರಿ, ಕ್ಷಾರ ಗುಣ ಜಾಸ್ತಿ. ಅದನ್ನು ಸಿಂಕ್ ತೊಳೆಯಲು ಬಳಸಿದ್ದಾಯಿತು. ಹೊಸ ಸೋಡಾವನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು, ಸಣ್ಣ ಜರಡಿಯಲ್ಲಿ ಸೋಸಿ ತುಂಬಿದರೆ ಸರಿಯಾಗಿ ಹೋಗುತ್ತದೆ. 30 ಪಿಎಸ್ಐ ಸಾಕು. ಕೆಲಸ ಆದಮೇಲೆ ಉಳಿದ ಸೋಡಾವನ್ನು ಒದ್ದೆ ಬ್ರಶ್ಶಿನಿಂದ ಒರೆಸಿಬಿಡಿ, ಇಲ್ಲದಿದ್ದರೆ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ.

ಬೆನ್ನುಮೂಳೆಗಳು ಚೆನ್ನಾಗಿ ಬಂದವು. ಆಮೇಲೆ ಪಕ್ಕೆಲುಬಿನ ನಡುವಿನ ಜಾಗಕ್ಕೆ ಕೈಹಾಕಿದೆ. ಮೂರನೇ ಮತ್ತು ಐದನೇ ಪಕ್ಕೆಲುಬಿನ ನಡುವೆ ಕಪ್ಪು ಮಚ್ಚೆಯೊಂದಿತ್ತು. ಸುಮಾರು 6 ಸೆಂ.ಮೀ. ಉದ್ದ, 4 ಅಗಲ. ಮೆತ್ತಗಿತ್ತು. ಕೊಳೆತ ಪೈರೈಟಿನ ಕಲೆ, ಇಲ್ಲವೇ ಜೇಡಿ ಅಂದುಕೊಂಡೆ. ಊದಿದೆ. ಸುಲಭವಾಗಿ ಹೋಗುತ್ತಿತ್ತು, ಖುಷಿಯೂ ಆಯಿತು.

ಪೆಟ್ಟಿಗೆಯ ತಳ ಗುಡಿಸುವಾಗ ಬಿಳಿ ಸೋಡಾದಲ್ಲಿ ಕಪ್ಪು ಚುಕ್ಕೆಗಳು ಕಂಡವು. ಒಂದು ಚಿಟಿಕೆ ತೆಗೆದು ಮೈಕ್ರೊಸ್ಕೋಪಿನ ಕೆಳಗಿಟ್ಟೆ. ಚುಕ್ಕೆಗಳಲ್ಲ. ಒಂದೆರಡು ಮಿ.ಮೀ. ಉದ್ದದ ಕೊಕ್ಕೆಗಳು. ಕಪ್ಪಗೆ, ಹೊಳೆಯುವ, ತುದಿ ಬಾಗಿದ ಕೊಕ್ಕೆಗಳು. ಹಾಗೇ ಕಲ್ಲಿನ ಮೇಲೆ ಉಳಿದ ಮಚ್ಚೆಯನ್ನು ನೋಡಿದರೆ ಅದು ಪೂರ್ತಿ ಅವೇ, ಒಂದರ ಮೇಲೊಂದು ಒತ್ತಿ ಕೂತಿವೆ.

ಆ ಕಾಲದ ಸಮುದ್ರದಲ್ಲಿ ಸ್ಕ್ವಿಡ್ ಥರದ ಪ್ರಾಣಿಗಳ ತೋಳಿನಲ್ಲಿ ಇಂಥ ಕೊಕ್ಕೆಗಳ ಸಾಲು ಇರುತ್ತಿತ್ತು. ಇಕ್ತಿಯೊಸಾರ್ ಅವುಗಳನ್ನು ನುಂಗುತ್ತಿತ್ತು. ಮೆತ್ತಗಿನ ಮೈ ಜೀರ್ಣವಾಗುತ್ತದೆ, ಕೊಕ್ಕೆ ಆಗುವುದಿಲ್ಲ, ಹೊಟ್ಟೆಯಲ್ಲೇ ಕೂಡುತ್ತಾ ಹೋಗುತ್ತದೆ. ಲೈಮ್ ರೀಜಿಸ್ ಕಡೆಯ ಇಕ್ತಿಯೊಸಾರಿನ ಹೊಟ್ಟೆಯಲ್ಲಿ ಕೊಕ್ಕೆಗಳು ಸಿಕ್ಕಿರುವುದು ಹೊಸ ವಿಷಯವೇನಲ್ಲ. ಆದರೆ ಗೊತ್ತಿರುವುದು ಬೇರೆ, ನನ್ನ ಮೇಜಿನ ಮೇಲಿರುವುದು ಬೇರೆ. ಪ್ರಾಣಿಯ ಕೊನೆಯ ಊಟದ ಕಾಲುಭಾಗವನ್ನು ನಾನು ಸೋಡಾ ಜೊತೆ ವ್ಯಾಕ್ಯೂಮ್ ಕ್ಲೀನರಿಗೆ ಕಳಿಸಿದ್ದೆ.

ಮಾಡಬೇಕಾಗಿದ್ದದ್ದು ಇಷ್ಟೇ: ಮಚ್ಚೆಯ ಅಂಚಿನಲ್ಲಿ ಸೂಜಿ ಮೊನೆಯಷ್ಟು ಕೆರೆದು 10 ಪಟ್ಟು ದೊಡ್ಡದು ಮಾಡಿ ನೋಡುವುದು. ಎರಡು ನಿಮಿಷದ ಕೆಲಸ. ಮೈಕ್ರೊಸ್ಕೋಪ್ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಪಕ್ಕೆಲುಬಿನ ಒಳಗೆ ಬಣ್ಣ ಬೇರೆ ಕಂಡ ಯಾವ ಜಾಗವನ್ನೂ ನೋಡದೆ ಊದಬೇಡಿ. ಊಟ ಇರಬಹುದು. ಇಕ್ತಿಯೊಸಾರ್ ಮೊಟ್ಟೆ ಇಡುತ್ತಿರಲಿಲ್ಲ, ಮರಿ ಹಾಕುತ್ತಿತ್ತು. ಆದ್ದರಿಂದ ಒಳಗೆ ಸಣ್ಣ ಮೂಳೆಗಳು ಕಂಡರೆ ಮರಿಯೂ ಇರಬಹುದು.

ವ್ಯಾಕ್ಯೂಮ್ ಚೀಲವನ್ನು ಕತ್ತರಿಸಿ ಸೋಡಾವನ್ನು ಮಳೆನೀರಿನಲ್ಲಿ ಕರಗಿಸಿದೆ. ಸೋಡಾ ಕರಗುತ್ತದೆ, ಕೊಕ್ಕೆ ಕರಗುವುದಿಲ್ಲ. ಕಾಫಿ ಫಿಲ್ಟರಿನಲ್ಲಿ ಸೋಸಿದಾಗ ಮನೆಯ ಧೂಳು, ಕೂದಲು, ಕಲ್ಲುಪುಡಿಯ ಜೊತೆ ಒಂದಿಷ್ಟು ಕೊಕ್ಕೆಗಳು ವಾಪಸ್ ಸಿಕ್ಕವು. ಹೆಚ್ಚಿನವು ಮುರಿದಿವೆ. ಒಣಗಿಸಿ ಪುಟ್ಟ ಗಾಜಿನ ಸೀಸೆಯಲ್ಲಿ ಹಾಕಿ, ಕಲ್ಲಿನ ಯಾವ ಜಾಗದ್ದು ಅಂತ ಫೋಟೊ ಮೇಲೆ ಗುರುತು ಹಾಕಿ ಇಟ್ಟಿದ್ದೇನೆ. ಕಲ್ಲಿನಲ್ಲಿ ಉಳಿದ ಮಚ್ಚೆಗೆ ಅಂಟು ಕೂಡ ಹಚ್ಚಿಲ್ಲ. ಕೊಕ್ಕೆಯ ರಾಸಾಯನಿಕ ಪರೀಕ್ಷೆ ಮಾಡುವವರಿಗೆ ಬಿ-72 ಅಡ್ಡಿಯಾಗಬಹುದು. ಇಲ್ಲಿ ಮಾತ್ರ ಅಂಟು ಮೊದಲು ಅನ್ನುವ ನಿಯಮಕ್ಕೆ ರಜೆ.

9. ಈಗ

ಕಲ್ಲು ಮುಚ್ಚಳ ಬಿಗಿಯಾಗುವ 40 ಲೀಟರ್ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿದೆ. ಜೊತೆಗೆ ಅರ್ಧ ಕಿಲೊ ಸಿಲಿಕಾ ಜೆಲ್. ತೇವದ ಮೀಟರ್ ಶೇ. 38 ತೋರಿಸುತ್ತಿದೆ. ಪೈರೈಟಿನ ದೆಸೆಯಿಂದ 40ರ ಕೆಳಗೇ ಇರಿಸಬೇಕು. ಜೆಲ್‌ನ ಬಣ್ಣ ತಿರುಗಿದಾಗ ಓವನ್ನಿನಲ್ಲಿ ಒಣಗಿಸಿ ಮತ್ತೆ ಹಾಕುತ್ತೇನೆ. ಅದಕ್ಕೆ ಓವನ್ ಆಗುತ್ತದೆ, ಸೋಡಾಕ್ಕಲ್ಲ. ಪೆಟ್ಟಿಗೆ ತೆರೆದಾಗ ಗಂಧಕದ ವಾಸನೆ ಬಂದರೆ ಪೈರೈಟ್ ಕೊಳೆಯುತ್ತಿದೆ ಅಂತ ಅರ್ಥ. ಇದುವರೆಗೆ ಬಂದಿಲ್ಲ.

ಮಚ್ಚೆಯ ಫೋಟೊಗಳನ್ನು, ಕಲ್ಲು ಸಿಕ್ಕ ಜಾಗದ ಗುರುತನ್ನು ಸೆಂಟರಿಗೆ ಕಳಿಸಿದ್ದೇನೆ. ಈ ವಿಷಯ ಓದಿಕೊಂಡ ಒಬ್ಬ ತಜ್ಞರಿಗೂ ಬರೆದಿದ್ದೇನೆ. ಬೇಕು ಅಂದರೆ ಕಲ್ಲನ್ನೇ ಕೊಟ್ಟುಬಿಡುವುದು ಅಂತ ಮನೆಯಲ್ಲಿ ಮಾತಾಗಿದೆ. ಉತ್ತರ ಬರುವವರೆಗೆ ಮೇಲ್ಮುಖ ಮುಟ್ಟುವಂತಿಲ್ಲ.

ಹಿಂಬದಿಯಲ್ಲಿ ಇನ್ನೂ 4 ಸೆಂ.ಮೀ. ಕಲ್ಲು ಇದೆ. ಬಲ ಅಂಚಿನಲ್ಲಿ ಒಂದು ಪಕ್ಕೆಲುಬು ಅದರೊಳಗೆ ಇಳಿದು ಹೋಗಿದೆ. ಅದನ್ನು ಹಿಂಬಾಲಿಸಬೇಕಾದರೆ ಕಲ್ಲನ್ನು ಬೋರಲು ಹಾಕಬೇಕು. ಬೋರಲು ಹಾಕಿದರೆ ಮಚ್ಚೆಯ ಮೇಲೆ ಭಾರ ಬೀಳುತ್ತದೆ. ಪ್ಲಾಸ್ಟರ್ ತೊಟ್ಟಿಲು ಮಾಡಿ, ಮಚ್ಚೆಯ ಜಾಗದಲ್ಲಿ ಟೊಳ್ಳು ಬಿಟ್ಟು, ಉಳಿದ ಕಡೆ ಕ್ಲಿಂಗ್ ಫಿಲ್ಮ್ ಮತ್ತು ಸ್ಪಂಜು ಹಾಕುವ ಆಲೋಚನೆ ಇದೆ. ಪ್ಲಾಸ್ಟರಿನ ನೀರು ಒಳಗೆ ಇಳಿಯದ ಹಾಗೆ ಮಾಡುವುದು ಹೇಗೆ ಅನ್ನುವುದು ಬಗೆಹರಿದಿಲ್ಲ. ಅದೇ ಅಳತೆಯ ಒಂದು ಬರೀ ಕಲ್ಲನ್ನು ತಂದಿಟ್ಟಿದ್ದೇನೆ. ತೊಟ್ಟಿಲಿನ ಪರೀಕ್ಷೆ ಮೊದಲು ಅದರ ಮೇಲೆ. ಪ್ಲಾಸ್ಟರ್ 10 ಕಿಲೊ ಚೀಲ, 12 ಪೌಂಡ್.